ಹನ್ನೊಂದು ಮೀಟರ್ ಈಚೆ

ಬಾಕೊಲೊದ್,
12 ಅಕ್ಟೋಬರ್ 2019

ಪ್ರೀತಿಯ ಮಿಲಾ,

ಆರೋಗ್ಯವೇ? ಸೆಬುವಿನ ಧೂಳಿಗೆ ನಿನ್ನ ಉಬ್ಬಸ ಹೆಚ್ಚಿಲ್ಲವೆಂದು ನಂಬಿದ್ದೇನೆ. ಔಷಧಿಯನ್ನು ಮುಗಿಯುವ ಮೊದಲೇ ತರಿಸಿಕೋ. ನನಗೆ ಮಂಡಿನೋವೊಂದನ್ನು ಬಿಟ್ಟರೆ ದೂರಿಲ್ಲ. ಅದಕ್ಕೆ ಕಾರಣ ನಿನ್ನ ತಮ್ಮ ಎಫ್ರೆನ್. ಅವನ ಹವ್ಯಾಸವನ್ನು ಈಗ ನಾನು ಕೈಗೆತ್ತಿಕೊಂಡಿದ್ದೇನೆ.

ನಿನಗೆ ಗೊತ್ತಿರುವುದೇ: ದಿನಕ್ಕೊಮ್ಮೆ ಗಣಕಯಂತ್ರ ನಮ್ಮ ಸೀಮೆಯ ನಕ್ಷೆಯ ಮೇಲೆ ಮನಬಂದಲ್ಲಿ ಒಂದು ಬಿಂದುವಿಡುತ್ತದೆ. ಅಲ್ಲಿಗೆ ಹೋಗಿ ನಿಲ್ಲಬೇಕು; ಮುಟ್ಟಿದೆನೋ ಇಲ್ಲವೋ ಎಂಬುದನ್ನು ಈ ಹವ್ಯಾಸದವರ ಬಳಗದ ಅಂತರ್ಜಾಲ ಪುಟದಲ್ಲಿ ಬರೆಯಬೇಕು. ಎಫ್ರೆನ್ ಕೊನೆಯ ಬಾರಿ ಹೋದಾಗ ಕಬ್ಬಿನ ತೋಟದ ಬೇಲಿ ಅಡ್ಡ ಬಂದು, ಒಂಬತ್ತು ಮೀಟರ್ ಈಚೆಯೇ ನಿಂತು, "ಮುಟ್ಟಲಿಲ್ಲ" ಎಂದು ಬರೆದಿದ್ದ. ಊಟದ ಮೇಜಿನಲ್ಲಿ ನಾನು, "ಸೋತೆ ಅಂತ ಬರ್ಕೊಳ್ಳೋಕೆ ಅಷ್ಟು ದೂರ ಹೋಗ್ಬೇಕಿತ್ತೇನೋ?" ಎಂದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಬಾಯಿ ಮುಚ್ಚಿಸುತ್ತಿದ್ದ ದನಿಯೇ ಅದು. ಅವನು ತಟ್ಟೆ ಎತ್ತಿಕೊಂಡು ಒಳಗೆ ಹೋದ. ಮೂರೇ ವಾರದಲ್ಲಿ ಡೆಂಗಿ ಅವನನ್ನು ಒಯ್ದಿತು. ಶವಪೆಟ್ಟಿಗೆಯ ಪಕ್ಕದಲ್ಲಿ ನೀನು ಹೇಳಿದ್ದು ಒಂದೇ ಮಾತು: "ಇನ್ನು ಅವನು ಎದುರು ಮಾತಾಡಲ್ಲ ಅಪ್ಪಾ. ನೀವೇ ಗೆದ್ರಿ." ಅನಂತರ ಸತ್ತವರನ್ನು ನೆನೆಯುವ ಎರಡು ನವೆಂಬರ್‌ಗಳು ಕಳೆದವು. ಊರೆಲ್ಲ ಬುತ್ತಿ ಕಟ್ಟಿಕೊಂಡು ತಮ್ಮವರ ಸಮಾಧಿಗಳ ಬಳಿ ದಿನವಿಡೀ ಕೂತಿತ್ತು. ನಾನಿರುತ್ತೇನೆಂಬ ಕಾರಣಕ್ಕೇ ನೀನು ಬರಲಿಲ್ಲ.

ಕಳೆದ ಭಾನುವಾರ ಬಿಂದು ಬಿದ್ದದ್ದು ಹಿನಿಗರಾನಿನ ಒಂದು ಮೀನುಕೊಳದ ನಡುವೆ. ಏರಿಯ ಮೇಲೆ ನಿಂತಿದ್ದ ನನ್ನನ್ನು, ಕೊಳ ಕಾಯುವ ನೆನಿತಾ ಎಂಬಾಕೆ ಅಡಿಯಿಂದ ಮುಡಿಯವರೆಗೆ ನೋಡಿ, "ಏನ್ ಅಣ್ಣಾ, ಇಸ್ತ್ರಿ ಅಂಗಿ ಹಾಕ್ಕೊಂಡು ಮೀನು ಕದಿಯೋಕೆ ಬಂದ್ರಾ?" ಎಂದಳು. ನೀರಿನ ನಡುವೆ ಹೋಗಿ ನಿಲ್ಲಬೇಕೆಂದೆ. "ಅಲ್ಲೇನಿದೆ?" ಏನೂ ಇಲ್ಲವೆಂದೆ. "ಏನೂ ಇಲ್ದೇ ಇರೋದನ್ನ ನೋಡೋಕೆ ಈ ಬಿಸಿಲಲ್ಲಿ ಬಂದ್ರಾ? ಮನೇಲಿ ಬೈಯೋರು ಯಾರೂ ಇಲ್ವಾ ನಿಮಗೆ?" ಒಬ್ಬಳಿದ್ದಾಳೆ, ದೂರದಲ್ಲಿದ್ದಾಳೆ ಎಂದೆ. "ಕರೆಸ್ಕೊಳ್ಳಿ ಮತ್ತೆ! ನಾಳೆ ಬಲೆ ಎಳೀತೀವಿ, ಇವತ್ತು ತೆಪ್ಪ ಬಿಟ್ರೆ ಮೀನು ಬೆದರುತ್ತೆ. ಆಗಲ್ಲ ಅಂದ್ರೆ ಆಗಲ್ಲ." ಇಪ್ಪತ್ತು ನಿಮಿಷ ವಾದಿಸಿದೆ. ಆಕೆ ಜಗ್ಗಲಿಲ್ಲ, ಒಂದು ಎಳನೀರು ಕೊಟ್ಟು ಕಳಿಸಿದಳು.

ಬಿಂದುವಿಗೂ ನನಗೂ ನಡುವೆ ಉಳಿದದ್ದು ಹನ್ನೊಂದು ಮೀಟರ್. ಮುಟ್ಟಿದೆನೆಂದು ಬರೆದಿದ್ದರೆ ಕೇಳುವವರಿರಲಿಲ್ಲ, ಮತ್ತು ಹಾಗೆ ಬರೆಯಲು ನನ್ನ ಬೆರಳು ಹೋಯಿತೆಂಬುದನ್ನು ಮುಚ್ಚಿಡುವುದಿಲ್ಲ. ಕೊನೆಗೆ "ಮುಟ್ಟಲಿಲ್ಲ" ಎಂದು ಬರೆದೆ. ನಾನು ಗೆದ್ದ ಯಾವ ಚರ್ಚೆಯೂ ಆ ಒಂದು ಪದದಷ್ಟು ಕಷ್ಟವಾಗಿರಲಿಲ್ಲ. ನನ್ನ ಮಗ ಅದನ್ನು ಹಲವು ಬಾರಿ, ನಗುತ್ತಲೇ ಬರೆದಿದ್ದ. ಅಂದಿನ ಮೇಜಿನಲ್ಲಿ ಸರಿಯಿದ್ದವನು ಅವನು, ತಪ್ಪಿದವನು ನಾನು. ಇದಕ್ಕೆ "ಆದರೆ" ಸೇರಿಸುವುದಿಲ್ಲ.

ದೇವರ ಕೈ ನಿನ್ನ ತಲೆಯ ಮೇಲಿರಲಿ.

ನಿನ್ನ ತಂದೆ,
ಹಿಲಾರಿಯೊ

ಮರೆತ ಮಾತು: ಈ ನವೆಂಬರ್ ಒಂದರಂದು ನಾನು ಸಮಾಧಿಯ ಬಳಿ ಇರುವುದಿಲ್ಲ, ಬಿಂದು ಎಲ್ಲಿ ಬೀಳುತ್ತದೋ ಅಲ್ಲಿಗೆ ಹೊರಡುತ್ತೇನೆ. ಆ ದಿನ ನಿನ್ನದು, ಬಂದು ತಮ್ಮನ ಜೊತೆ ಕೂತಿರು. ಸಂಜೆ ನಾನೂ ಬರಬಹುದಾದರೆ ಒಂದು ಸಾಲು ಬರೆ. ಬೇಡವೆಂದರೂ ಬರೆ, ಕಾರಣ ಕೇಳುವುದಿಲ್ಲ.