ಉತ್ತರ ಕೊಲ್ಲಿಯ ತಾಯಂದಿರು

ಮಾರ್ಚ್ ೩, ಸಂಜೆ

ಮತ್ತೆ ಅದೇ ಫಲಿತಾಂಶ. ಉಗುರಿನಷ್ಟು ತಿಮಿಂಗಿಲದ ಚರ್ಮ, ಅದರಿಂದ ತೆಗೆದ ಮೈಟೊಕಾಂಡ್ರಿಯದ ಡಿಎನ್‌ಎ. ಇದು ಮಕ್ಕಳಿಗೆ ತಾಯಿಯಿಂದ ಮಾತ್ರ ಬರುವಂಥದ್ದು. ಅಪ್ಪಂದಿರು ಇಲ್ಲಿ ಲೆಕ್ಕಕ್ಕಿಲ್ಲ. ಉತ್ತರ ಕೊಲ್ಲಿಗೆ ಬರುವ ತಾಯಂದಿರದು ಒಂದು ವಂಶ, ದಕ್ಷಿಣದವರದು ಇನ್ನೊಂದು. ಅನುಮಾನವೇ ಇಲ್ಲ. ನಕ್ಷೆಯಲ್ಲಿ ಉತ್ತರಕ್ಕೆ ಕೆಂಪು ಕೊಟ್ಟೆ, ದಕ್ಷಿಣಕ್ಕೆ ನೀಲಿ. ಒಬ್ಬ ತಾಯಿಗೆ ಒಂದು ಚುಕ್ಕೆ. ಕೆಂಪು ಚುಕ್ಕೆಗಳು ಬೆರಳೆಣಿಕೆಯಷ್ಟು.

ಲ್ಯಾಬಿನ ಮುಖ್ಯಸ್ಥರಿಗೆ ತೋರಿಸಿದೆ. "ಚೆನ್ನಾಗಿದೆ" ಅಂದರು ಸಾರ್. ಮುಖ ಮಾತ್ರ ಹುಳ್ಳಗೆ.

ಮಾರ್ಚ್ ೫

ಕಾರಣ ಗೊತ್ತಾಯಿತು. ಹೊಸ ಹಡಗು ಮಾರ್ಗ ಉತ್ತರ ಕೊಲ್ಲಿಯ ನಟ್ಟನಡುವೆ ಹಾಯುತ್ತದಂತೆ. ಅದಕ್ಕೆ ಒಪ್ಪಿಗೆ ಕೊಡಬೇಕಾದ ಸಮಿತಿಗೆ ವರದಿ ಕೊಡುವವರು ನಮ್ಮ ಸಾರ್.

"ಎರಡೂ ಒಂದೇ ಗುಂಪು ಅಂತ ಬರಿ."

"ಒಂದೇ ಅಲ್ಲ ಸಾರ್."

"ಗಂಡುಗಳು ಎರಡೂ ಕಡೆ ಓಡಾಡ್ತವಲ್ಲಮ್ಮ, ಬೆರೆತೇ ಇರ್ತವೆ. ಉತ್ತರದಲ್ಲಿ ನಾಲ್ಕು ಸತ್ರೆ ದಕ್ಷಿಣದಿಂದ ನಾಲ್ಕು ಬರ್ತವೆ."

"ಬರಲ್ಲ ಸಾರ್. ದಾರಿ ಕಲಿಸೋದು ತಾಯಿ. ಮರಿಯಾಗಿದ್ದಾಗ ಅವಳ ಹಿಂದೆ ಯಾವ ಕೊಲ್ಲಿಗೆ ಹೋಗಿರತ್ತೋ, ದೊಡ್ಡದಾದ್ಮೇಲೂ ಅಲ್ಲಿಗೇ ಹೋಗತ್ತೆ. ಆ ತಾಯಂದಿರು ಹೋದ್ರೆ ಕೊಲ್ಲಿ ಖಾಲಿ."

"ನಿಂಗೆ ಹಠ ಜಾಸ್ತಿ."

ಹಠವಂತೆ! ಅವರು ಹಿಡಿದರೆ ನಿಲುವು, ನಾನು ಹಿಡಿದರೆ ಹಠ.

ಮನೆಯಲ್ಲಿ ಅಮ್ಮನ ಉಪದೇಶ ಬೇರೆ. "ಬಾಯಿ ಮುಚ್ಕೊಂಡಿರು. ನಾಳೆ ತಿಮಿಂಗಿಲ ಬಂದು ಕೆಲಸ ಕೊಡತ್ತಾ ನಿಂಗೆ?" ತಟ್ಟೆ ಸರಿಸಿ ಎದ್ದೆ.

ಮಾರ್ಚ್ ೧೯

ಇಷ್ಟು ದಿನ ಬರೆಯಲಿಲ್ಲ. ಬರೆದಿದ್ದರೆ ಬರೀ ಬೈಗುಳ.

ಉತ್ತರದ ದಂಡೆಗೆ ಸತ್ತ ಹೆಣ್ಣು ತಿಮಿಂಗಿಲ. ಬೆನ್ನ ಮೇಲೆ ಪ್ರೊಪೆಲ್ಲರ್ ಕೊಯ್ದ ಗಾಯಗಳು, ಸಾಲಾಗಿ. ಮಾರ್ಗ ಇನ್ನೂ ಮಂಜೂರಾಗಿಲ್ಲ... ಪರೀಕ್ಷೆಗೆಂದು ಬಿಟ್ಟ ಹಡಗುಗಳಂತೆ. ಹಾಲು ಒಸರುತ್ತಿತ್ತು. ಮರಿ ಎಲ್ಲೂ ಕಾಣಲಿಲ್ಲ. ಮಂಡಿಯೂರಿ ಚರ್ಮ ಕೊಯ್ದುಕೊಂಡೆ. ಪಕ್ಕದಲ್ಲೇ ಒಬ್ಬ ಸೆಲ್ಫಿ ತೆಗೆಯುತ್ತಿದ್ದ, ಎರಡು ಬೆರಳೆತ್ತಿ. ಅವನ ಫೋನ್ ಕಿತ್ತು ಮರಳಿಗೆ ಎಸೆದೆ. ತಪ್ಪು. ಗೊತ್ತು.

ಮಾರ್ಚ್ ೨೪

ಸತ್ತವಳು ಕೆಂಪು.

ಏಪ್ರಿಲ್ ೨, ಸಮಿತಿ ಸಭೆಯಿಂದ ಬಂದು

ಸಾರ್ ಪರದೆಯ ಮೇಲೆ ನನ್ನ ನಕ್ಷೆ ಹಾಕಿದರು. ಪೂರ್ತಿ ನೀಲಿ! ಕೆಂಪಿನ ಮೇಲೂ ನೀಲಿ ಬಳಿದಿದ್ದಾರೆ. ಕಿವಿ ಕಾದುಹೋಯಿತು. ಎದ್ದು ನಿಂತೆ.

"ಈ ನಕ್ಷೆ ಮಾಡಿದ್ದು ನಾನು. ಈ ಬಣ್ಣ ನಂದಲ್ಲ."

"ಇವರು ಸ್ವಲ್ಪ ಭಾವುಕರು," ಸಾರ್ ನಕ್ಕರು.

ಲ್ಯಾಪ್‌ಟಾಪ್ ಒಯ್ದು ಮೂಲ ನಕ್ಷೆಯನ್ನು ಅಧ್ಯಕ್ಷೆಯ ಮುಂದಿಟ್ಟೆ. ಎರಡು ವಂಶ ಯಾಕೆ, ಹೇಗೆ, ಎಲ್ಲ ಹೇಳಿದೆ. ಆಕೆ ಕನ್ನಡಕ ಏರಿಸಿ ನೋಡಿದರು.

"ಕೆಂಪು ಇಷ್ಟೇನಾ?"

"ಹೋದ ತಿಂಗಳು ಇನ್ನೊಂದಿತ್ತು ಮೇಡಂ."

ಆಮೇಲೆ ಯಾರೂ ನಗಲಿಲ್ಲ.

ಏಪ್ರಿಲ್ ೩

ಲ್ಯಾಬಿನ ಬಾಗಿಲಿಗೆ ಕಾರ್ಡ್ ಹಿಡಿದೆ. ತೆರೆಯಲಿಲ್ಲ. ರಾತ್ರೋರಾತ್ರಿ ರದ್ದು ಮಾಡಿಸಿದ್ದಾರೆ ಸಾರ್. ಇಂಥದ್ದಕ್ಕೆ ಮಾತ್ರ ಎಷ್ಟು ಚುರುಕು!

ಮೇ ೧೧

ಮಾರ್ಗ ಕೊಲ್ಲಿಯಿಂದ ಆಚೆ ಸರಿಯಿತು. ಆದೇಶ ಬಂದಿದೆ. ಕುಣಿಯೋಣ ಅನ್ನುವಷ್ಟರಲ್ಲಿ ಟಿವಿಯಲ್ಲಿ ಸಾರ್! ಬೆನ್ನ ಹಿಂದೆ ನನ್ನ ನಕ್ಷೆ, ಕೆಂಪು ಸಮೇತ. "ಈ ತಾಯಿವಂಶವನ್ನು ನಾವು ಮೊದಲೇ ಗುರುತಿಸಿದ್ವಿ..." ನಾವು! ಮೊದಲೇ! ರಿಮೋಟ್ ಗೋಡೆಗೆ ಹೋಯಿತು.

ಸ್ವಲ್ಪ ಹೊತ್ತಿಗೆ ಅವರದೇ ಫೋನ್. ಸ್ಪೀಕರ್‌ಗೆ ಹಾಕಿದೆ, ಅಮ್ಮನೂ ಕೇಳಲಿ ಅಂತ.

"ಆಗಿದ್ದಾಯ್ತು, ಮರ್ತುಬಿಡಮ್ಮ. ಸೋಮವಾರದಿಂದ ಬಾ. ಪ್ರಬಂಧ ನೀನೇ ಬರಿ. ನಿನ್ನ ಹೆಸರೂ ಹಾಕೋಣ, ಕೊನೇಲಿ."

ಬೈಯಲು ಬಾಯಿ ತೆರೆದೆ. ಅಮ್ಮ ಫೋನ್ ಕಿತ್ತುಕೊಂಡು ಅಡುಗೆಮನೆಗೆ ನಡೆದಳು. ಬಾಯಿ ಮುಚ್ಕೊಂಡಿರು ಅಂದವಳು! ಇಲ್ಲಿಗೂ ಕೇಳಿಸುತ್ತಿದೆ. "ಕೊನೇಲಿ ಯಾಕೆ ಸಾರ್? ನೀವೇನು ಕಡಿದು ಕಟ್ಟೆ ಹಾಕಿದ್ರಿ?" ಈಗ 'ನೀವು' ಹೋಗಿ 'ನೀನು' ಬಂತು. ಹೋಗಿ ಬಿಡಿಸಬೇಕು... ಇರಲಿ, ಇನ್ನೆರಡು ಬೀಳಲಿ. "ಆ ಮೀನಿನ ಮುಖ ಆದ್ರೂ ನೋಡಿದ್ಯಾ ನೀನು?"

"ಅದು ಮೀನಲ್ಲಮ್ಮ!" ಇಲ್ಲಿಂದಲೇ ಕೂಗಿದೆ.

"ನೀನು ಸುಮ್ನಿರೇ!" ಮತ್ತೆ ಫೋನಿಗೆ, "ಕೇಳಿಲ್ಲಿ, ಇವಳ ಹೆಸರು ಮೊದಲು ಬರ್ಲಿಲ್ಲಾಂದ್ರೆ ಆ ಟಿವಿಯವರ ಹತ್ರ ನಾನೇ ಹೋಗ್ತೀನಿ!"