ಮೂರನೇ ತೂತಿನ ಸ್ಪ್ರಿಂಗ್

ಉದ್ದಕೆರೆಯ ದಂಡೆ,
ಮೇ ತಿಂಗಳು, ಮಧ್ಯಾಹ್ನ

ಲೆಮೆತ್,

ಕೆರೆ ಮೂರು ದಿನದಿಂದ ಸದ್ದು ಮಾಡಿಲ್ಲ. ಮಂಜುಗಡ್ಡೆ ಗಟ್ಟಿಯಿದ್ದಾಗ ಅದು ಹೇಗೆ ಗುಡುಗುತ್ತದೆ ಎಂದು ನಿನಗೆ ಹೇಳಬೇಕಾಗಿಲ್ಲ. ಚಿಕ್ಕವನಿದ್ದಾಗ ಆ ಸದ್ದಿಗೆ ಹೆದರಿ ನೀನು ನನ್ನ ಕಂಬಳಿಯೊಳಗೆ ನುಗ್ಗುತ್ತಿದ್ದೆ. ಅದು ಕೆರೆ ಉಸಿರಾಡುವ ಸದ್ದು, ಮಲಗು, ಎನ್ನುತ್ತಿದ್ದೆ ನಾನು. ಈಗ ಅದಕ್ಕೆ ಉಸಿರೇ ಇಲ್ಲ. ದಕ್ಷಿಣದಿಂದ ಬೆಚ್ಚನೆಯ ಗಾಳಿ ಬೀಸುತ್ತಿದೆ. ನದಿ ಬಂದು ಸೇರುವ ಕಡೆ ಹಿಮದ ಮೇಲೆ, ಅಡಿಯಲ್ಲಿ ನೀರು ನಿಂತ ಕಡೆ, ಒಂದು ಬೂದು ಪಟ್ಟಿ ಕಾಣಿಸಿಕೊಂಡಿದೆ. ನಿನ್ನೆ ಅದು ಹಗ್ಗದಷ್ಟು ಅಗಲವಿತ್ತು. ಇವತ್ತು ಜಾರುಬಂಡಿಯಷ್ಟಿದೆ.

ಎಲ್ಲರೂ ಗುಡಿಸಲಲ್ಲಿ ಮಲಗಿದ್ದಾರೆ. ಹಗಲು ಹಿಮ ಮೆತ್ತಗಿರುತ್ತದೆ, ಹಿಮಸಾರಂಗದ ಹಿಂಡು ಹೊಟ್ಟೆವರೆಗೆ ಹೂತುಕೊಳ್ಳುತ್ತದೆ. ಸಂಜೆ ಮೇಲ್ಪದರ ಗಟ್ಟಿಯಾದ ಮೇಲೆ ಕೆರೆ ದಾಟಿ ಕರಾವಳಿಗೆ ಹೊರಡುವುದು. ನಾನು ಮಾತ್ರ ಗಾಡಿ ರಿಪೇರಿ ಮಾಡುವ ಹಿಂದಿನ ಚಾವಡಿಯಲ್ಲಿ, ನಿನ್ನ ಹಿಮಗಾಡಿಯ ಪಕ್ಕದಲ್ಲಿ ಕೂತಿದ್ದೇನೆ. ಹೌದು, ನಿನ್ನದೇ. ಹಳದಿ ಮೂತಿಯದು.

ಬೆಳಿಗ್ಗೆ ರಿಸ್ತೆನ್ ಬಂದಿದ್ದಳು. ನಿನ್ನ ಹೆಂಡತಿ ಈಗ ಬಾಗಿಲು ತಟ್ಟಿ ಒಳಗೆ ಬರುತ್ತಾಳೆ. ಮೊದಲು ಹಾಗಿರಲಿಲ್ಲ. "ಅಕ್ಕ, ನನ್ನ ಗಾಡಿಯ ಅಡಿಯ ರಬ್ಬರ್ ಪಟ್ಟಾ ಹರಿದುಹೋಗಿದೆ. ಅವನದ್ದು ತಗೊಂಡು ಹೋಗ್ತೀನಿ. ಕ್ಲಚ್ ಒಂದ್ಸಲ ಬಿಚ್ಚಿ ನೋಡಿಬಿಡು" ಎಂದಳು. ಉಪ್ಪು ಕೇಳಿದ ಹಾಗೆ ಕೇಳಿದಳು. ನಾನು ಹೂಂ ಎಂದೆ. ಅವಳು ಹೋದ ಮೇಲೆ ರೂಢಿಯಂತೆ ಕಾಫಿಗೆ ಹಾಕಿದ ಚೀಸಿನ ತುಂಡು ಮೆತ್ತಗಾಗಿ ತಳ ಸೇರುವವರೆಗೆ ಅಲ್ಲೇ ಕೂತಿದ್ದೆ.

ಹೋದ ವರ್ಷ ಗಾಡಿಯನ್ನು ಕೆರೆಯಿಂದ ಎಳೆದು ತಂದ ಮೇಲೆ ಎಂಜಿನ್ ಬಿಚ್ಚಿ ಒಣಗಿಸಿ ಕೂಡಿಸಿದ್ದು ಹೈಕ ಚಿಕ್ಕಪ್ಪ. ಹಿಂಬದಿಯ ಕ್ಲಚ್ಚನ್ನು ಮಾತ್ರ ಅವನು ಮುಟ್ಟಲಿಲ್ಲ. "ಅದು ಕಿರ್ಸ್ತೆಯದು. ನಾನು ಮುಟ್ಟಿದರೆ ಸ್ಪ್ಯಾನರ್‌ನಲ್ಲಿ ಹೊಡೀತಾಳೆ" ಎಂದ. ನಗಿಸಲು ಹೇಳಿದ್ದು. ನಾನು ಗಾಡಿಗೆ ಟಾರ್ಪಾಲು ಹೊದಿಸಿ ಹಗ್ಗ ಬಿಗಿದೆ. ಒಂದು ವರ್ಷ ಬಿಚ್ಚಲಿಲ್ಲ. ಒಳಗೆ ಏನಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದೆ ಎಂದುಕೊಂಡಿದ್ದೆ.

ನಿನಗೆ ಯಾವತ್ತೂ ಹೇಳದಿದ್ದನ್ನು ಈಗ ಬರೆಯುತ್ತೇನೆ. ಹೋದ ವರ್ಷ ಈಸ್ಟರ್ ಹಿಮಗಾಡಿ ಪಂದ್ಯಕ್ಕೆ ನಾಲ್ಕು ದಿನ ಇದ್ದಾಗ ನೀನು ಬಂದು ಇದೇ ಬೆಂಚಿನ ಮೇಲೆ ಕೂತೆ. "ಅಕ್ಕಾ, ಸ್ಪ್ರಿಂಗ್ ಒಂಚೂರು ಸಡಿಲ ಮಾಡೇ. ಈ ಸಲ ಆ ಯೋವ್ನನ ಮೀಸೆ ತುಂಬ ಹಿಮ ಎರಚ್ಬೇಕು."

"ಅವನಿಗೆಲ್ಲಿದೆ ಮೀಸೆ?"

"ಅದಕ್ಕೇ. ಬಿಳಿ ಮೀಸೆ ನಾನೇ ಇಟ್ಟುಕೊಡ್ತೀನಿ."

ನಾನು ನಕ್ಕೆ, ಮಾಡಿಕೊಟ್ಟೆ. ನಮ್ಮ ಕೆಲಸದ ಗಾಡಿಗಳಲ್ಲಿ ಕ್ಲಚ್ಚಿನೊಳಗಿನ ಸ್ಪ್ರಿಂಗಿನ ಬಾಲ ಯಾವಾಗಲೂ ತಟ್ಟೆಯ ಮೂರನೇ ತೂತಿನಲ್ಲಿರುತ್ತದೆ. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಅದು ಸುಲಭ. ಮೂರನೇ ತೂತಿನಲ್ಲಿ ಸ್ಪ್ರಿಂಗ್ ಬಿಗಿಯಾಗಿ ತಿರುಚಿಕೊಂಡಿರುತ್ತದೆ. ಹಿಮ ಗಾಡಿಯನ್ನು ಹಿಡಿದುಕೊಂಡಾಗ, ಹಿಂದೆ ಭಾರದ ಜಾರುಬಂಡಿ ಜಗ್ಗಿದಾಗ, ಅದು ಕ್ಲಚ್ಚಿನ ತಟ್ಟೆಗಳನ್ನು ಒತ್ತಿ ಬೆಲ್ಟನ್ನು ಮೇಲಕ್ಕೆ ತಳ್ಳುತ್ತದೆ. ವೇಗ ಇಳಿಯುತ್ತದೆ, ಆದರೆ ಬಲ ಉಳಿಯುತ್ತದೆ. ಎಂಜಿನ್ ಉಸಿರುಗಟ್ಟುವುದಿಲ್ಲ. ಮೊದಲನೇ ತೂತಿಗೆ ಹಾಕಿದರೆ ಗಟ್ಟಿ ಹಿಮದ ನೇರ ದಾರಿಯಲ್ಲಿ ಗಾಡಿ ಬಾಣದ ಹಾಗೆ ಹೋಗುತ್ತದೆ. ಹಿಮದಡಿಯ ನೀರಿಗೆ ಇಳಿದರೆ ಮಾತ್ರ ಅದಕ್ಕೆ ಬಲ ಒದಗುವುದಿಲ್ಲ. ಕೆಮ್ಮಿ ನಿಂತುಬಿಡುತ್ತದೆ. ಆ ನೀರಿನಲ್ಲಿ ನಿಂತರೆ ಕಥೆ ಮುಗಿಯಿತು.

ಮೊದಲನೇ ತೂತಿಗೆ ಹಾಕಿದೆ. ಕ್ಲಚ್ಚಿನ ಅಂಚಿಗೆ ಮೀನು ತೂಗುವ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದೆ. ಏಳು ಕಿಲೋ ತೋರಿಸಬೇಕಾದದ್ದು ನಾಲ್ಕೂವರೆ ತೋರಿಸಿತು. ಅಪ್ಪ ಕಲಿಸಿದ ಪದ್ಧತಿಯಂತೆ, ಕ್ಲಚ್ ಮುಚ್ಚಿದವಳು ನಾನಾದ್ದರಿಂದ, ಮೊದಲು ನಾನೇ ಓಡಿಸಿ ನೋಡಿ ಆಮೇಲೆ ನಿನಗೆ ಕೊಟ್ಟೆ. ನೀನು ಪಂದ್ಯದಲ್ಲಿ ಎರಡನೆಯವನಾದೆ. ಗೆದ್ದ ಯೋವ್ನ ಊರಿಡೀ ಹೇಳಿಕೊಂಡು ತಿರುಗಿದ, "ಲೆಮೆತ್‌ನ ಕೇಳ್ರೋ, ನನ್ನ ಬೆನ್ನ ಮೇಲೆ ಏನು ಬರೆದಿದೆ ಅಂತ. ಅವನಿಗೆ ಬಾಯಿಪಾಠ ಆಗಿರತ್ತೆ." ಆ ವಾರ ಎರಡು ಮದುವೆ, ಒಂದು ನಾಮಕರಣ. ನಾನು ಮಾಂಸದ ಸಾರು ಬಡಿಸುತ್ತಾ ಕುಣಿಯುತ್ತಾ ಸ್ಪ್ರಿಂಗನ್ನು ಮರೆತೆ. ಹಿಂಡಿನ ಜೊತೆ ಕರಾವಳಿಗೆ ಹೊರಟಾಗಲೂ ನೆನಪಾಗಲಿಲ್ಲ. ನೆನಪಾದದ್ದು ಇದೇ ದಂಡೆಯಲ್ಲಿ. ಕೆರೆಯ ನಡುವೆ ನಿನ್ನ ಗಾಡಿಯ ಸದ್ದು ತಗ್ಗಿತು, ಕೆಮ್ಮಿತು. ಆಗ ನೆನಪಾಯಿತು. ಆ ಕೆಮ್ಮಿನ ಅರ್ಥ ದಂಡೆಯಲ್ಲಿದ್ದ ಆರು ಜನರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನೀನು ಗಾಡಿಯಿಂದ ಇಳಿದು ಜಾರುಬಂಡಿಯ ಕೊಂಡಿ ಬಿಚ್ಚಲು ಬಗ್ಗಿದೆ. ಆಮೇಲೆ ಅಲ್ಲಿ ನೀನಿರಲಿಲ್ಲ.

ಮಂಜುಗಡ್ಡೆ ಕೆಟ್ಟಿತ್ತು ಎಂದರು ಎಲ್ಲರೂ. ನಾನೂ ಹೌದು ಎಂದೆ. ಮೂರನೇ ದಿನ ನೀನು ಸಿಕ್ಕಾಗಲೂ ಹೌದು ಎಂದೆ. ರಿಸ್ತೆನ್ ನನ್ನ ಭುಜದ ಮೇಲೆ ತಲೆಯಿಟ್ಟು ಅತ್ತಾಗ ಅವಳ ಬೆನ್ನು ಸವರಿದ್ದು ಸ್ಪ್ರಿಂಗ್ ಹಾಕಿದ ಇದೇ ಕೈ. ಒಂದು ವರ್ಷ ಅವಳ ಜೊತೆ ಒಂದೇ ಒಲೆಯ ಊಟ ಉಂಡೆ, ಬಾಯಿಬಿಡಲಿಲ್ಲ.

ಇವತ್ತು ಟಾರ್ಪಾಲು ತೆಗೆದೆ. ಬೆಲ್ಟ್ ಬಿಚ್ಚಿದೆ. ನಡುವಿನ ಬೋಲ್ಟ್ ತುಕ್ಕು ಹಿಡಿದಿತ್ತು, ತಿರುಗಲು ಹೊತ್ತು ಹಿಡಿಯಿತು. ಬೋಲ್ಟ್ ಹೊರಗೆ ಬಂದಾಗಲೇ ಏನೋ ಹೆಚ್ಚುಕಡಿಮೆ ಅನ್ನಿಸಿತು. ವಾಷರ್‌ಗಳು ಹಿಂದುಮುಂದಾಗಿದ್ದವು. ನಾನು ಹಾಗೆ ಹಾಕುವವಳಲ್ಲ. ತಟ್ಟೆ ಎಳೆದೆ. ಒಳಗೆಲ್ಲ ಗಟ್ಟಿಯಾದ ಗ್ರೀಸು. ಒಣಗಿರಬೇಕಾದ ಜಾಗದಲ್ಲಿ ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ ಗ್ರೀಸು ಮೆತ್ತುವವನು ಈ ಭೂಮಿಯ ಮೇಲೆ ಒಬ್ಬನೇ ಇದ್ದ. ಎಷ್ಟು ಸಲ ಬೈದಿದ್ದೇನೆ ನಿನಗೆ!

ಸ್ಪ್ರಿಂಗಿನ ಬಾಲ ಮೂರನೇ ತೂತಿನಲ್ಲಿತ್ತು.

ಮೊದಲು ನಗು ಬಂತು. ಬೆಂಚಿನ ಮೇಲೆ ಕೂತು ಒಬ್ಬಳೇ ನಕ್ಕೆ. ಒಂದು ವರ್ಷ ಹೊತ್ತ ಕಲ್ಲು ನನ್ನದಲ್ಲವಂತೆ. ಆಮೇಲೆ ಕಿಟಕಿಯಾಚೆ ಆ ಬೂದು ಪಟ್ಟಿ ಕಂಡಿತು, ನಗು ಅಲ್ಲಿಗೇ ನಿಂತಿತು. ನನ್ನ ತಪ್ಪಾಗಿದ್ದರೆ ಅದನ್ನು ನಾನು ತಿದ್ದಬಹುದಿತ್ತು, ಲೆಮೆತ್. ಇವತ್ತು ಸ್ಪ್ರಿಂಗನ್ನು ಮೂರನೇ ತೂತಿಗೆ ಹಾಕಿ, ತಕ್ಕಡಿಯಲ್ಲಿ ಏಳು ಕಿಲೋ ನೋಡಿ, ಹೋಗು ರಿಸ್ತೆನ್, ಈಗ ಭಯವಿಲ್ಲ ಎನ್ನಬಹುದಿತ್ತು. ಈ ಒಂದು ವರ್ಷ ನಾನು ಉಳಿದುಕೊಂಡದ್ದೇ ಆ ಧೈರ್ಯದಿಂದ. ಈಗ ಗೊತ್ತಾಯಿತು, ನೀನು ಇಳಿದದ್ದು ಸರಿಯಾದ ಗಾಡಿಯಲ್ಲಿ. ಎಲ್ಲ ಸರಿಯಿದ್ದ ಗಾಡಿಯನ್ನೇ ಈ ಕೆರೆ ಕೆಮ್ಮಿಸಿ ನಿಲ್ಲಿಸಿತು. ನನ್ನ ಕೈಯಲ್ಲಿ ಮಾಡುವುದಕ್ಕೆ ಏನೂ ಉಳಿದಿಲ್ಲ.

ರಿಸ್ತೆನ್‌ಳನ್ನು ಎಬ್ಬಿಸಿ ಕರೆತಂದೆ. ಎಲ್ಲ ಹೇಳಿದೆ. ಪಂದ್ಯ, ಮೊದಲನೇ ತೂತು, ಮರೆವು, ಒಂದು ವರ್ಷದ ಸುಳ್ಳು. ಅವಳು ಗ್ರೀಸ್ ಮೆತ್ತಿದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು.

"ಅಕ್ಕ, ನನಗೆ ಗೊತ್ತಿತ್ತಲ್ಲ. ಹೊರಡೋ ಹಿಂದಿನ ದಿನ ಅವನೇ ಬಿಚ್ಚಿ ಹಾಕಿದ. ನಾನೇ ತಟ್ಟೆ ಹಿಡಕೊಂಡಿದ್ದೆ. 'ಅಕ್ಕಂಗೆ ಹೇಳಬೇಡ, ತನ್ನ ಕೆಲಸಕ್ಕೆ ಕೈ ಹಾಕಿದೆ ಅಂತ ಕಿವಿ ಕೀಳ್ತಾಳೆ' ಅಂದ." ತಟ್ಟೆಯ ಗ್ರೀಸನ್ನು ಹೆಬ್ಬೆರಳಿನಿಂದ ಸವರಿದಳು. "ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ."

ಒಂದು ಮಾತು. ನಾನು ಕೇಳಲಿಲ್ಲ, ಅವಳಿಗೆ ಹೇಳಬೇಕೆಂದು ಹೊಳೆಯಲಿಲ್ಲ. ನಮ್ಮ ಜನ ಹಾಗೇ ಅಲ್ಲವೇ.

ಗುಡ್ಡ ಸುತ್ತಿ ಹೋಗು ಎಂದೆ. ಅವಳು ಆಗದು ಎಂದು ತಲೆಯಾಡಿಸಿದಳು. ಗುಡ್ಡದ ದಾರಿ ಮೂರು ದಿನ. ಹೆಣ್ಣು ಹಿಮಸಾರಂಗಗಳು ತುಂಬು ಗಬ್ಬದಲ್ಲಿವೆ. ದಾರಿಯಲ್ಲೇ ಈದರೆ ಮರಿಗಳನ್ನು ಹದ್ದುಗಳು ಬಿಡುವುದಿಲ್ಲ. ಹೋದ ವರ್ಷದ ಮರಿಗಳ ಹಾಗೆ ಈ ವರ್ಷದವೂ ಹೋದರೆ ನಿನ್ನ ಕಿವಿಗುರುತಿನ ಹಿಂಡು ಎಂಬುದೇ ಇರುವುದಿಲ್ಲ. ಅದನ್ನು ಉಳಿಸಲೆಂದೇ ಅವಳು ಈ ವರ್ಷವೆಲ್ಲ ಬೆಟ್ಟದ ಮೇಲೆ ಕಳೆದಳು. ನಾನು ಹೈಕ ಚಿಕ್ಕಪ್ಪನ ಹತ್ತಿರ ಹೋದೆ. ಅವನು ಮಲಗಿದ್ದಲ್ಲಿಂದಲೇ ಒಣಮಾಂಸ ಸೀಳುತ್ತಿದ್ದ. "ಹಿಂಡು ಅವಳದು, ಕಿರ್ಸ್ತೆ. ಹೋಗಬೇಡ ಅನ್ನೋಕೆ ನಾನ್ಯಾರು?" ಎಂದ. ಇಲ್ಲಿ ಯಾರೂ ಯಾರಿಗೂ ಹಾಗೆ ಹೇಳುವುದಿಲ್ಲ. ಹೋದ ವರ್ಷ ನಿನಗೂ ಯಾರೂ ಹೇಳಲಿಲ್ಲ. ಅವನ ಚಾಕು ಮಾತ್ರ ನಿಂತಿತು. "ಆ ಪಟ್ಟಿ ನೋಡಿದೆಯಾ?" ಎಂದು ಕೇಳಿದ. ನೋಡಿದೆ ಎಂದೆ. ಅವನು ಗೋಡೆಯ ಕಡೆ ತಿರುಗಿಕೊಂಡ.

ಮತ್ತೆ ಇಲ್ಲಿಗೆ ಬಂದು ಗ್ರೀಸನ್ನೆಲ್ಲ ಒರೆಸಿದೆ. ಒಂದು ಉಗುರಿನಷ್ಟು ಬಿಟ್ಟಿದ್ದೇನೆ, ಒಳಮೈಯಲ್ಲಿ, ಯಾರಿಗೂ ತೊಂದರೆಯಾಗದ ಕಡೆ. ಸ್ಪ್ರಿಂಗನ್ನು ಮೂರನೇ ತೂತಿಗೆ ಹಾಕಿ, ತಿರುಚಿ, ಮುಚ್ಚಿದೆ. ವಾಷರ್‌ಗಳನ್ನು ಸರಿಯಾಗಿ ಹಾಕಿದೆ. ತಕ್ಕಡಿ ಏಳು ತೋರಿಸಿತು. ಆಗ ರಿಸ್ತೆನ್ ಕೈಗವಸು ಹಾಕಿಕೊಂಡು ಬಂದಳು.

"ಮುಂದೆ ನಾನು ಹೋಗ್ತೀನಿ" ಎಂದೆ.

"ನಿನಗೆ ಐವತ್ತೆಂಟು, ಅಕ್ಕ."

"ತೂಕದಲ್ಲಿ ನಿನಗಿಂತ ಹನ್ನೆರಡು ಕಿಲೋ ಕಮ್ಮಿ. ಬೇಕಾದ್ರೆ ಈ ತಕ್ಕಡೀಲೇ ತೂಗಿ ನೋಡು."

ಅವಳು ನಗಲಿಲ್ಲ. "ಇದು ನನ್ನ ಹಿಂಡು."

"ಹಿಂಡು ನಿಂದು. ಕ್ಲಚ್ ಮುಚ್ಚಿದೋಳು ನಾನು. ಮುಚ್ಚಿದೋರು ಮೊದಲು ಓಡಿಸ್ಬೇಕು. ಈ ಚಾವಡಿಯಿಂದ ಇವತ್ತಿನವರೆಗೆ ಒಂದು ಗಾಡಿಯೂ ಹಾಗಲ್ಲದೆ ಹೊರಗೆ ಹೋಗಿಲ್ಲ."

ಅವಳ ಹಿಂಡಿನ ವಿಷಯದಲ್ಲಿ ನಾನು ಹೇಗೆ ಮಾತಾಡುವಂತಿಲ್ಲವೋ, ಈ ಬೆಂಚಿನ ವಿಷಯದಲ್ಲಿ ಅವಳೂ ಮಾತಾಡುವಂತಿಲ್ಲ. ಕೈಗವಸು ಬಿಚ್ಚಿದಳು, ಮತ್ತೆ ಹಾಕಿಕೊಂಡಳು. ಇನ್ನೂರು ಹೆಜ್ಜೆ ಹಿಂದೆ ಸ್ಕೀ ಮೇಲೆ ಬರುತ್ತಾಳೆ, ಗಂಟೆ ಕಟ್ಟಿದ ಮುಂದಾಳು ಸಾರಂಗವನ್ನು ಹಿಡಿದುಕೊಂಡು. ನನ್ನ ಗಾಡಿ ಕೆಮ್ಮಿದರೆ ಹಿಂಡನ್ನು ತಿರುಗಿಸಿ ಗುಡ್ಡ ಹತ್ತಿಸುತ್ತೇನೆ ಎಂದು ಮಾತು ಕೊಟ್ಟಿದ್ದಾಳೆ. ನನ್ನ ಕಡೆ ಓಡಿ ಬರುವುದಿಲ್ಲ ಎಂದೂ ಕೊಡಬೇಕು ಎಂದೆ. ಕೊಟ್ಟಳು, ನನ್ನ ಮುಖ ನೋಡದೆ.

ಈಗ ಇನ್ನೊಂದು ಹೊಳೆಯುತ್ತಿದೆ, ತಮ್ಮ. ಹೋದ ವರ್ಷ ಕ್ಲಚ್ ಮುಚ್ಚಿದವನು ನೀನು. ಮೊದಲು ಓಡಿಸಿದವನೂ ನೀನೇ. ನೀನೂ ಪದ್ಧತಿ ಮುರಿಯಲಿಲ್ಲ.

ಸಂಜೆಯಾಯಿತು, ಹಿಮ ಗಟ್ಟಿಯಾಗುತ್ತಿದೆ. ಕಾಲಿಟ್ಟರೆ ಕರಕರ ಎನ್ನುತ್ತಿದೆ. ಹಿಂಡು ಎದ್ದು ನಿಂತಿದೆ, ಎಲ್ಲದರ ಮೂತಿಯೂ ಕೆರೆಯ ಕಡೆಗಿದೆ. ಕೆರೆ ಈಗಲೂ ಸುಮ್ಮನಿದೆ. ಈ ಕಾಗದವನ್ನು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಹೋಗುತ್ತೇನೆ. ನಾಳೆ ಆಚೆ ದಂಡೆಯಲ್ಲಿ ಕಾಫಿ ಕುಡಿದರೆ, ಮುಂದಿನ ಸಲ ಬಂದಾಗ ಇದನ್ನು ತೆಗೆದು ಸುಟ್ಟುಹಾಕುತ್ತೇನೆ. ಇಲ್ಲವಾದರೆ ರಿಸ್ತೆನ್ ಓದಲಿ. ಈ ಸಲ ಯಾರೂ ಒಂದು ವರ್ಷ ಸುಮ್ಮನಿರಬೇಕಾಗಿಲ್ಲ.

ನೀನಿರುವ ಕಡೆ ಬೆಚ್ಚಗಿರು, ನನ್ನ ಕೂಸೇ. ನನ್ನ ಮೇಲೆ ಎಷ್ಟೇ ಪ್ರೀತಿಯಿದ್ದರೂ ಇವತ್ತು ಮಾತ್ರ ನನ್ನನ್ನು ಎದುರುಗೊಳ್ಳಲು ಬರಬೇಡ.

ಗಾಡಿ ಹತ್ತುತ್ತಿರುವ ನಿನ್ನ ಅಕ್ಕ,
ಕಿರ್ಸ್ತೆ