ಹರ್ಷಿತಾಳ ಹದಿನಾಲ್ಕನೆಯ ದಿನ

ಚಾಮರಾಜಪೇಟೆ,
೧೮ ಜನವರಿ ೨೦೨೬

ಪ್ರೀತಿಯ ಯಶೋಧರಾ,

ಹೇಗಿದ್ದೀಯೆ? ಹಬ್ಬಕ್ಕೆ ಒಂದು ಫೋನೂ ಮಾಡಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈಯಿ, ತಪ್ಪು ನನ್ನದೇ. ಆದರೆ ಇದನ್ನು ಫೋನಿನಲ್ಲಿ ಹೇಳಲಾರೆ. ಈ ಮನೆಯಲ್ಲಿ ಪಿಸುಮಾತೂ ಅಡುಗೆಮನೆಯವರೆಗೆ ಹೋಗುತ್ತದೆ, ಅಲ್ಲಿ ಅತ್ತೆ ಇರುತ್ತಾರೆ.

ಏಪ್ರಿಲ್‌ನಲ್ಲಿ ನಿನ್ನ ಆಸ್ಪತ್ರೆಯಲ್ಲಿ ಎಡತೋಳಿಗೆ ಹಾಕಿಸಿಕೊಂಡ, ಬಸಿರು ತಡೆಯುವ ಇಂಪ್ಲಾಂಟಿನಿಂದ ನೋವಿಲ್ಲ. ಎರಡು ತಿಂಗಳು ಹೊತ್ತುಗೊತ್ತಿಲ್ಲದೆ ಕಲೆ ಕಂಡಿತು, ಆಮೇಲೆ ಮುಟ್ಟೇ ನಿಂತಿತು. "ಕೆಲವ್ರಿಗೆ ಹಾಗಾಗತ್ತೆ ಕಣೆ. ಈ ಕಡ್ಡಿ ಇರೋವರ್ಗೂ ಅಂಡಾಣು ಹೊರಗೆ ಬರಲ್ಲ. ತೆಗೆಸಿದ್ರೆ ಕೆಲವೇ ವಾರದಲ್ಲಿ ಮತ್ತೆ ಶುರು" ಎಂದು ನೀನೇ ಹೇಳಿದ್ದೆ. ಯಜಮಾನರಿಗೆ ಬಿಟ್ಟು ಯಾರಿಗೂ ತಿಳಿಸಿಲ್ಲ. ಲಿಂಗ ಕಟ್ಟಿಕೊಂಡವರಿಗೆ ಮೈಲಿಗೆ ಎಲ್ಲಿಯದು ಎನ್ನುವ ಮನೆ ನಮ್ಮದು. ಮುಟ್ಟಾದರೂ ಅದೇ ಒಲೆ, ಅದೇ ಪೂಜೆ. ಹಾಗಾಗಿ ನನ್ನದು ನಿಂತದ್ದು ಅತ್ತೆಗೆ ಗೊತ್ತಾಗುವುದಿಲ್ಲವೆಂದು ನಂಬಿದ್ದೆ.

ನಾದಿನಿ ಹರ್ಷಿತಾ ಹೆರಿಗೆಯಲ್ಲಿ ತೀರಿಕೊಂಡು ಮುಂದಿನ ತಿಂಗಳಿಗೆ ವರ್ಷ. ಅವಳ ಮದುವೆಯಾದಾಗಿನಿಂದ ಅತ್ತೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮಗಳ ದಿನಗಳನ್ನು ಗುರುತು ಹಾಕುತ್ತಿದ್ದರು. ಮುಟ್ಟಾದ ದಿನಕ್ಕೆ ಕುಂಕುಮದ ಚುಕ್ಕೆ, ಅಲ್ಲಿಂದ ಹದಿನಾಲ್ಕನೆಯ ದಿನಕ್ಕೆ, ಅಂಡಾಣು ಬಿಡುವ ದಿನವೆಂದು, ಅರಿಶಿನದ ಚುಕ್ಕೆ. ಆ ಹುಡುಗಿ ಎನ್.ಆರ್. ಕಾಲೋನಿಯ ಗಂಡನ ಮನೆಯಿಂದ ತಿಂಗಳು ತಿಂಗಳೂ ಫೋನ್ ಮಾಡಿ ತಾರೀಖು ಒಪ್ಪಿಸಬೇಕಿತ್ತು.

ಈ ವರ್ಷದ ಕ್ಯಾಲೆಂಡರಿನಲ್ಲೂ ಚುಕ್ಕೆಗಳಿವೆ, ಡಿಸೆಂಬರ್‌ವರೆಗೂ!

"ಇದು ಯಾರ್ದು ಅತ್ತೆ?" ಎಂದೆ. ಎಳ್ಳು ಆರಿಸುತ್ತಿದ್ದವರು ತಲೆಯೆತ್ತಲಿಲ್ಲ.

"ಹರ್ಷಿದು. ಅವಳ್ದು ನಿಂತಿಲ್ಲ ಕಣಮ್ಮ. ನಿಂದೇ ನಿಂತಿರೋದು."

ಅವರು ಎದ್ದು ಬಂದು ರವಿಕೆಯ ತೋಳಿನ ಮೇಲಿಂದಲೇ ಆ ಕಡ್ಡಿಯನ್ನು ಉದ್ದಕ್ಕೂ ಸವರಿದರು. "ಅವಳು ಬಾಗಿಲಲ್ಲಿ ನಿಂತಿದಾಳೆ, ನೀನು ಚಿಲಕ ಹಾಕ್ಕೊಂಡಿದೀಯ. ತೆಗೆಸಿಬಿಡು. ಬರ್ಲಿ ಪಾಪ." ಹೀಗೆಂದು ಹೋಗಿ ಮತ್ತೆ ಎಳ್ಳು ಆರಿಸುತ್ತ ಕುಳಿತರು.

ಮೊನ್ನೆ ಶುಕ್ರವಾರ ಅರಿಶಿನದ ಚುಕ್ಕೆಯ ದಿನ. ಮಧ್ಯಾಹ್ನ ಕೆಳಹೊಟ್ಟೆಯ ಎಡಗಡೆ ಸೂಜಿ ಚುಚ್ಚಿದಂತಾಯಿತು. ಯಾರಿಗೂ ಹೇಳದೆ ಹೋಗಿ ಸ್ಕ್ಯಾನ್ ಮಾಡಿಸಿದೆ. "ಏನೂ ಇಲ್ಲಮ್ಮ, ಅಂಡಾಶಯ ಸುಮ್ನಿದೆ" ಎಂದರು ಡಾಕ್ಟರು. ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅತ್ತೆ ಕೇಳಿದರು, "ಎಡಗಡೆ ಚುಚ್ತಾ? ಅವಳಿಗೂ ಅಲ್ಲೇ ಚುಚ್ತಿತ್ತು."

ಯಜಮಾನರು ಅಮ್ಮನ ಮಾತಿಗೆ ಸೋತಿದ್ದಾರೆ. "ತೆಗೆಸಿಬಿಡೋಣ ಕಣೆ, ಅಮ್ಮ ಸರಿಹೋಗ್ತಾರೆ" ಎನ್ನುತ್ತಾರೆ. ಹೆರಿಗೆಯೆಂದರೆ ಭಯ ಎಂದೆ, ಸಮಾಧಾನ ಮಾಡಿದರು. ಬುಧವಾರ ನಿನ್ನಲ್ಲಿಗೆ ಕರೆತರುತ್ತಾರೆ. ನಿನ್ನ ದಮ್ಮಯ್ಯ, ಏನಾದರೂ ನೆಪ ಹೇಳಿ ಮುಂದಕ್ಕೆ ಹಾಕಿಸು.

ನಿಮ್ಮಮ್ಮನಿಗೆ ನನ್ನ ನಮಸ್ಕಾರ. ನಿನ್ನ ಮಗಳು ಆರೋಗ್ಯವಾಗಿ, ನೂರು ವರ್ಷ ಬಾಳಲಿ.

ನಿನ್ನ,
ಶಿವರಂಜಿನಿ

ಮತ್ತೆ: ಇದನ್ನು ಬರೆಯಲು ಇಷ್ಟು ಹೊತ್ತೂ ಕೈ ಬರಲಿಲ್ಲ. ಈ ಕಡ್ಡಿಯ ವಿಷಯ ನೀನು ಮೊದಲ ಸಲ ಹೇಳಿದಾಗ ಹರ್ಷಿಗೂ ತಿಳಿಸಿದ್ದೆ. "ಅತ್ತಿಗೆ, ನಂಗೂ ಹಾಕ್ಸಿ. ನಂಗೆ ಈಗ್ಲೇ ಮಗು ಬೇಡ" ಎಂದು ಕೈ ಹಿಡಿದುಕೊಂಡಳು. ಅತ್ತೆಗೆ ಹೆದರಿ, "ಮೊದ್ಲು ಒಂದಾಗ್ಲಿ, ಆಮೇಲೆ ನೋಡೋಣ" ಎಂದುಬಿಟ್ಟೆ. ನನಗೆ ಹೆರಿಗೆಯ ಭಯವಿಲ್ಲ ಯಶೋ. ಅವಳೇ ನನ್ನ ಮಡಿಲಿಗೆ ಬಂದು, ಕಣ್ಣು ಬಿಟ್ಟು, ನನ್ನ ಗುರುತು ಹಿಡಿದರೆ?